ಪಂಚಮಿ ಮರುದಿನದ ತೂಕ

ನನಗ ಸಿಟ್ಟು ಲಗೂನ ಬರ್ತೈತಿ. ನಾ ಕಲಿಸೋ ಸಾಲ್ಯಾಗ ಹುಡುಗುರು ನನ್ನ ಚಪ್ಪಲಿ ಸಪ್ಪಳಾ ಕೇಳೇ ಗಪ್ಪಾಗ್ತಾವು. ಆದ್ರ ನಮ್ಮವ್ವನ ಮ್ಯಾಲೆ ಬರೋ ಸಿಟ್ಟು ಬ್ಯಾರೇನ. ಅದು ಅಂಜಿಕಿಯಿಂದ ಬರೋ ಸಿಟ್ಟು.

ಅವ್ವನ ಎರಡೂ ಕಿಡ್ನಿ ಕೆಲಸಾ ಬಿಟ್ಟು ಮೂರು ವರ್ಷಾತು. ವಾರಕ್ಕ ಎರಡು ಸಲ ಬೀಳಗಿಯಿಂದ ಜಮಖಂಡಿಗೆ ಡಯಾಲಿಸಿಸ್‌ಗೆ ಬರ್ತಾಳ, ನಾನು ಬನಹಟ್ಟಿಯಿಂದ ಬಂದು ಬಾಜೂಕ ಕೂಡ್ತೇನಿ. ಕುಡದ ನೀರು ಹೊರಗ ಹೋಗೂದಿಲ್ಲ, ಮೈಯಾಗ ಉಳೀತೈತಿ. ಎಷ್ಟು ತೂಕ ಏರೈತೋ ಅಷ್ಟು ನೀರು ಅಂತ ತಿಳದು ಮಷೀನು ಜಗ್ಗಿ ತಗೀತೈತಿ. ಕಡಿಮಿ ತಗದ್ರ ಬಿಪಿ ಏರಿ ದಮ್ಮು ಹತ್ತತೈತಿ. ಹೆಚ್ಚು ತಗದ್ರ ಬಿಪಿ ಇಳದು ಜೀವಕ್ಕ ಬರ್ತೈತಿ. ಹಿಂಗಾಗಿ ಅವ್ವಗ ದಿನಕ್ಕ ಎರಡು ಸಣ್ಣ ಗ್ಲಾಸು ನೀರು, ಮುಗೀತು.

ಹೋದ ಬ್ಯಾಸಗ್ಯಾಗ ಅಕಿ ತಡೀಲಾರದ ಕದ್ದು ಕುಡದು, ಉಸರು ಸಿಗದ ಒದ್ದಾಡಿದ್ದನ್ನ ನಾ ಕಣ್ಣಾರೆ ನೋಡೇನಿ. ಆವತ್ತಿನಿಂದ ನಾ ಪೊಲೀಸಾದೆ. ಎಷ್ಟು ಕುಡದಿ, ಚಾ ಎಷ್ಟು, ಸಾರು ಎಷ್ಟು ಸುರುವಿಕೊಂಡಿ ಅಂತ ದಿನಾ ಫೋನಿನ್ಯಾಗ ತನಿಖಿ ಮಾಡ್ತಿದ್ದೆ. ಅವ್ವ ಸಣ್ಣ ದನೀಲೆ ಉತ್ತರಾ ಕೊಡ್ತಿದ್ಲು.

ಈ ವರ್ಷ ಪಂಚಮಿಗೆ ಅಕಿ ಜಮಖಂಡಿಯೊಳಗಿನ ತವರಮನಿಗೆ ಹೋದ್ಲು. ಬ್ಯಾಡ ಅಂದೆ, ಕೇಳಲಿಲ್ಲ. ಮರುದಿನ ಮುಂಜಾನೆ ಸೋದರಮಾವ ಗಾಡಿ ಮ್ಯಾಲೆ ದವಾಖಾನಿ ಬಾಗಲಿಗೆ ಬಿಟ್ಟು ಹೋದ. ಒಳಗ ಎಸಿ ಥಂಡಿ ಅಂತ ಅವ್ವ ದಪ್ಪ ಶಾಲು ಹೊತ್ಕೊಂಡಿದ್ಲು. ಹಂಗ ತೂಕದ ಮಷೀನು ಹತ್ತಿ ನಿಂತ್ಲು. ಯಾವಾಗ್ಲೂ ಎರಡು ಕಿಲೋ ಏರಾಕಿ, ಆವತ್ತು ನಾಕು ಏರಿದ್ಲು.

ನನ್ನ ತಲಿ ಕೆಟ್ಟು ಕೆರಾ ಹಿಡೀತು. ಅಲ್ಲಿ ಕುಂತ ಹತ್ತು ಮಂದಿ ಮುಂದ ಬಾಯಿ ಮಾಡಿದೆ. ಹಬ್ಬದಾಗ ಬಂದವರ ಜೋಡಿ ಕುಂತು ಕಪ್ಪಿಗೆ ಕಪ್ಪು ಚಾ ಕುಡದಿರಬೇಕು, ನಮ್ಮ ಹೊಟ್ಟಿ ಉರಸಾಕ ಹುಟ್ಟೀಯಿ ಅಂತ ಏನೇನೋ ಅಂದೆ.

“ಕುಡದಿಲ್ಲ ಮಗಳ,” ಅಂದ್ಲು ಅವ್ವ. “ದೇವರಾಣಿ ಕುಡದಿಲ್ಲ.”

ಮಷೀನು ನೋಡ್ಕೊಳ್ಳಾಂವ ಅವ್ವನ ಕಾಲು ಒತ್ತಿ ನೋಡಿದ. ಬಾವು ಇಲ್ಲ, ಬಿಪಿ ದಿನದ ಹಂಗ ಐತಿ, ಇಷ್ಟು ನೀರು ತುಂಬಿದ್ದು ಕಾಣವಲ್ದು, ಎರಡ ಕಿಲೋ ತಗದು ನೋಡೂಣ್ರಿ ಅಂದ. ನಾ ಬಿಡಲಿಲ್ಲ.

“ಎಲ್ಲಾ ತಗೀರಿ. ಒಂದ ಸಲ ತ್ರಾಸಾದ್ರ ಬುದ್ಧಿ ಬರ್ತೈತಿ.”

ಹಂಗ ಅಂದಿದ್ದು ಇದ ಬಾಯಿ. ಅಂವ ನನ್ನ ಮಾರಿ ನೋಡಿ ನಾಕು ಕಿಲೋಕ್ಕ ಮಷೀನು ಹಚ್ಚಿದ.

ಮೂರನೇ ತಾಸಿಗೆ ಅವ್ವನ ಮೀನಖಂಡ ಸೆಟದು ನಿಂತ್ವು. ನರಳಾಕತ್ತಿದ್ಲು. ತಡಕೋ, ಕುಡಿಯೂ ಮುಂದ ನೆನಪಿರಬೇಕಿತ್ತು ಅಂದೆ. ಅಷ್ಟರಾಗ ಮೈಯೆಲ್ಲಾ ಬೆವತು ಕಣ್ಣು ಮ್ಯಾಲೆ ಮಾಡಿದ್ಲು. ಬಿಪಿ ಅರವತ್ತಕ್ಕ ಇಳದಿತ್ತು. ಓಡಿ ಬಂದು ನೀರು ಜಗ್ಗೂದು ನಿಲ್ಲಿಸಿದ್ರು, ಕಾಲು ಎತ್ತಿ ಇಟ್ರು, ಸಲಾಯಿನ್ ಬಿಟ್ರು. ಸೀರಿ ಸಡ್ಲ ಮಾಡ್ರಿ ಅಂತ ನರ್ಸು ನನಗ ಹೇಳಿದ್ಲು. ಶಾಲಿನ ಒಳಗ ಕೈ ಹಾಕಿದೆ. ನಡದಾಗ ದೊಡ್ಡದೊಂದು ಗಂಟು ಹತ್ತಿತು.

ಉಡಿ. ಮಾವನ ಹೆಂಡ್ತಿ, ನಮ್ಮತ್ತಿ, ಉಡಿ ತುಂಬಿ ಕಳಿಸಿದ್ಲು! ಅಕ್ಕಿ, ಕಾಯಿ, ಖಣ, ಉತ್ತತ್ತಿ, ಅರಿಷಿಣ ಕೊಂಬು, ಎಲ್ಲಾ ಹಾಸಿಗಿ ಮ್ಯಾಲೆ ಚೆಲ್ಲಿತು. ಆಮ್ಯಾಲೆ ತೂಗಿದ್ರ ಹತ್ತಿರ ಹತ್ತಿರ ಎರಡು ಕಿಲೋ. ತವರಿನವರು ತುಂಬಿದ ಉಡಿ ತನ್ನ ಮನಿ ಹೊಸ್ತಿಲಾ ದಾಟೂತನಕಾ ಬಿಚ್ಚಬಾರದು. ಡಯಾಲಿಸಿಸ್ ಮುಗಿಸಿ ಸೀದಾ ಬೀಳಗಿ ಬಸ್ಸು ಹತ್ತಾಕಿ ಅಂತ ಮುಂಜಾನೇನ ತುಂಬ್ಯಾರ. ರೋಗದ ಜಾಗಾದಾಗ ಬಿಚ್ಚಿದ್ರ ಅಪ್ಪನ ಆಯುಷ್ಯಕ್ಕ ಕೇಡು ಅಂತ ಅವ್ವ ಯಾರಿಗೂ ಹೇಳದ ಕಟ್ಟಿಕೊಂಡ ತೂಕಕ್ಕ ನಿಂತಾಳ. ಮಷೀನು ಆ ಅಕ್ಕಿ, ಕಾಯೀನೂ ನೀರಂತ ಹಿಡದು ಅವ್ವನ ರಕ್ತದಾಗಿಂದ ಜಗ್ಗೈತಿ.

ಅತ್ತಿಗೆ ಬೈಯಾಕ ಫೋನ್ ತಗದೆ. ಏನಂತ ಬೈಲಿ? ಅಕಿ ಮಾಯಾ ಮಮತೀಲೆ ತುಂಬಿದ್ಲು. ಅವ್ವ ಖರೆ ಹೇಳಿದ್ಲು. ಮಷೀನಿನಂವನೂ ಖರೆ ಹೇಳಿದ್ದ. ಕೇಳದಾಕಿ ನಾ ಒಬ್ಬಾಕಿ. ನನ್ನ ಬಾಯಿಗೆ ಬೆಂಕಿ ಹಾಕಲಿ ಅಂತ ಅಲ್ಲೇ ನಿಂತು ಅತ್ತೆ.

ತಾಸಿನ ಮ್ಯಾಲೆ ಅವ್ವ ಕಣ್ಣು ತಗದ್ಲು. ತುಟಿ ಒಣಗಿ ಬಿರತಿದ್ವು. ಇವತ್ತು ನೀರು ಬಾಳ ಹೋಗೈತಿ, ಒಂದು ಗ್ಲಾಸು ತುಂಬ ಕುಡೀಲಿ ಅಂದ್ಲು ನರ್ಸು. ನಾ ತಂದು, ಅಕಿ ತಲಿ ಎತ್ತಿ, ಗ್ಲಾಸು ತುಟಿಗೆ ಹಿಡದೆ. ಅವ್ವ ಬಾಯಿ ತಗೀಲಿಲ್ಲ. ನನ್ನ ಮಾರೀನ ನೋಡಿದ್ಲು.

“ಕುಡೀಲೇನು?” ಅಂತ ಕೇಳಿದ್ಲು. “ಬೈಯೂದಿಲ್ಲಲ್ಲ?”