ಗೇಟು ಕಾಯ್ದವರು

ಅಮ್ಮ ತೀರಿಕೊಂಡ ವರ್ಷ ಅಪ್ಪನಿಗೆ ಗೇಟಿನ ಹುಚ್ಚು ಹಿಡಿಯಿತು. ಶಿಕಾರಿಪುರದಲ್ಲಿ ನಮ್ಮನ್ನು ಎಲ್ಲರೂ ಕರೆಯುತ್ತಿದ್ದದ್ದು ಗೇಟಿನವರು ಎಂದೇ. ಅಪ್ಪನ ಅಜ್ಜ ಆನವಟ್ಟಿ ಕಡೆಯ ರಸ್ತೆಯಲ್ಲಿ ಎಲ್ಲೋ ಸುಂಕದ ಗೇಟು ನೋಡಿಕೊಳ್ಳುತ್ತಿದ್ದರಂತೆ. ಗಾಡಿಗಳನ್ನು ನಿಲ್ಲಿಸಿ, ಸುಂಕ ತೆಗೆದುಕೊಂಡು, ರಸ್ತೆಗೆ ಅಡ್ಡ ಇಟ್ಟ ಮರದ ಗಳವನ್ನು ಎತ್ತಿಬಿಡುವ ಕೆಲಸ. ನಮಗೆ ಗೊತ್ತಿದ್ದದ್ದು ಅಷ್ಟೇ. ಅಮ್ಮ ಇರುವವರೆಗೆ ಅಪ್ಪ ಆ ಸುದ್ದಿ ಎತ್ತಿದವರಲ್ಲ. ಅವಳು ಹೋದ ಮೇಲೆ ಜವಳಿ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಮನೆಯಲ್ಲಿ ಕೂತರು. ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಆ ಗೇಟು ಎಲ್ಲಿತ್ತು, ಅಜ್ಜ ಅಲ್ಲಿ ಹೇಗೆ ಬದುಕಿದ್ದರು, ಸಾಯುವುದರೊಳಗೆ ತಿಳಿಯಬೇಕು ಎಂದರು.

ನಾನಾಗ ಪ್ರೈಮರಿ ಶಾಲೆಯಲ್ಲಿ ಟೀಚರು. ವಾರವಿಡೀ ಮಕ್ಕಳ ಜೊತೆ ಗಂಟಲು ಹರಿದುಕೊಂಡು, ಮನೆಗೆ ಬಂದು ಒಲೆ ಹಚ್ಚಿ, ಭಾನುವಾರ ಒಂದು ದಿನ ತಲೆಗೆ ನೀರು ಹಾಕಿಕೊಂಡು ಮಲಗುತ್ತಿದ್ದೆ. ಆ ಭಾನುವಾರಗಳು ಹೋದವು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ. ಜೊತೆಗೆ ನಾನೇ ಹೋಗಬೇಕಾಯಿತು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವುದು, ಬಂದ ಬಸ್ಸಿನಲ್ಲಿ ನಿಂತೇ ಹೋಗುವುದು, ಕೆಂಪು ಧೂಳು ಮೆತ್ತಿದ ಸೀರೆಯಲ್ಲಿ ಕತ್ತಲಾಗುವ ಹೊತ್ತಿಗೆ ವಾಪಸು ಬರುವುದು.

ಶಾಲೆಗೆ ರಜೆ ಇದ್ದ ಒಂದು ದಿನ ಸೊರಬದ ತಾಲ್ಲೂಕು ಕಚೇರಿಗೂ ಹೋದೆವು. ಅಷ್ಟು ಹಳೆಯ ಕಾಗದ ಶಿವಮೊಗ್ಗಕ್ಕೆ ಹೋಗಿರಬೇಕು, ಇಲ್ಲದಿದ್ದರೆ ಗೆದ್ದಲು ತಿಂದಿರಬೇಕು ಎಂದು ಗುಮಾಸ್ತರೊಬ್ಬರು ಸಮಾಧಾನವಾಗಿಯೇ ಹೇಳಿದರು. ಊರುಗಳಲ್ಲಿ ಕೇಳಿದರೆ ಒಬ್ಬರು ಆಲದ ಮರ ತೋರಿಸುತ್ತಿದ್ದರು, ಇನ್ನೊಬ್ಬರು ಮೋರಿ ತೋರಿಸುತ್ತಿದ್ದರು. ನಾನು ಯಾರನ್ನೂ ನಂಬಲಿಲ್ಲ. ಅಪ್ಪ ಎಲ್ಲರನ್ನೂ ನಂಬಿ, ಅವರು ತೋರಿಸಿದ ಜಾಗದಲ್ಲೆಲ್ಲ ಕೊಡೆ ಊರಿ ನಿಲ್ಲುತ್ತಿದ್ದರು.

ಕ್ಯಾಸನೂರು ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಜನರಿಗೂ ಜ್ವರ ಬರುತ್ತಿದೆ ಎಂಬ ಸುದ್ದಿ ಹಬ್ಬಿದ್ದ ಕಾಲ ಅದು. ಆ ಕಡೆಯವರು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಒಮ್ಮೆ ನಾನೂ ಎದ್ದೆ.

ಕೊನೆಗೆ ದಾರಿ ಸಿಕ್ಕಿದ್ದು ಆನವಟ್ಟಿಯಲ್ಲಿ. ನನ್ನ ಕೈಗೆ ಬಳೆ ತೊಡಿಸುತ್ತಿದ್ದ ವಯಸ್ಸಾದ ಸಾಬರು, ಅಪ್ಪ ಯಾರನ್ನೋ ಗೇಟಿನ ವಿಷಯ ಕೇಳುತ್ತಿದ್ದದ್ದು ಕಿವಿಗೆ ಬಿದ್ದು, ಕುಬಟೂರಿನಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅವರೆದುರು ಗೇಟು ಎಂದರೆ ಸಾಕು ಬೈಯುತ್ತಾರೆ, ಕೇಳಿ ನೋಡಿ ಎಂದರು.

ಅಜ್ಜಿ ಗಂಡ ಹೋದ ಮೇಲೆ ತವರಿಗೆ ಬಂದು, ತಮ್ಮನ ಮಗನ ಮನೆಯಲ್ಲಿ ಇದ್ದವರು. ಜಗುಲಿಯಲ್ಲಿ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾವು ಶಿಕಾರಿಪುರದ ಗೇಟಿನವರು ಎಂದು ಅಪ್ಪ ಹೇಳಿದಾಗ ಕೈ ನಿಂತಿತು.

"ಈಗ ಬಂದ್ರಾ?" ಎಂದರು. ಚಾಚಿದ್ದ ಕಾಲು ಮಡಚಿಕೊಂಡು, "ಕೂತ್ಕಳಿ" ಎಂದರು. ಬೈಯಲಿಲ್ಲ.

ಅಪ್ಪ ಅಜ್ಜನ ಬಗ್ಗೆ ಕೇಳಿದರು.

"ನಿಮ್ಮಜ್ಜ ಎಲ್ಲಿ ಗೇಟು ಕಾಯ್ದ? ಅವ ಚಳಿಜ್ವರ ಹಿಡ್ಕಂಡು ಗೇಟಿನ ಮನೆ ಒಳಗೆ ಕಂಬಳಿ ಹೊದ್ದು ಮಲಗಿರ್ತಿದ್ದ. ಕಾಯ್ದಿದ್ದು ನಿಮ್ಮಜ್ಜಿ. ನಮ್ಮಪ್ಪನ ಒಡಹುಟ್ಟಿದ ಅಕ್ಕ."

ಅಪ್ಪ ನನ್ನ ಕಡೆ ತಿರುಗಿದರು. ಕುಬಟೂರು ತಮ್ಮ ಅಜ್ಜಿಯ ತವರು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅಜ್ಜಿ ಹೇಳಿದ ಕಥೆ ಇದು. ಅವರು ಹುಟ್ಟುವುದಕ್ಕೆ ಮುಂಚಿನ ಮಾತು, ತಾಯಿಯಿಂದ ಕೇಳಿದ್ದು. ನಮ್ಮ ಮುತ್ತಜ್ಜಿ ಮಗುವನ್ನು ಸೊಂಟಕ್ಕಿಟ್ಟುಕೊಂಡೇ ಗಾಡಿ ನಿಲ್ಲಿಸುತ್ತಿದ್ದಳು, ಗಳ ಎತ್ತುತ್ತಿದ್ದಳು. ಒಂದು ಮಳೆಗಾಲ ಹಾನಗಲ್ ಕಡೆ ವಾಂತಿಭೇದಿ ಎದ್ದಿತು. ಆ ಕಡೆಯಿಂದ ಒಂದು ಗಾಡಿಯನ್ನೂ ಬಿಡಬಾರದು ಎಂದು ಅಮಲ್ದಾರರ ಹುಕುಂ ಆಯಿತು. ಆಗಲೇ ಮುತ್ತಜ್ಜಿಯ ತಮ್ಮ, ಅಂದರೆ ಈ ಅಜ್ಜಿಯ ಅಪ್ಪ, ಆ ಕಡೆಯೇ ಇದ್ದ ಹೆಂಡತಿಯ ತವರಿನಿಂದ ಹೆಂಡತಿ, ಮಗನನ್ನು ಕರೆದುಕೊಂಡು ಗೇಟಿನ ಮುಂದೆ ಬಂದು ನಿಂತ. ಆ ಮಗುವಿಗೆ ದಾರಿಯಲ್ಲೇ ಭೇದಿ ಶುರುವಾಗಿತ್ತು. ರಸ್ತೆಯ ಎರಡೂ ಕಡೆ ಕೆಸರುಗದ್ದೆ. ಗಾಡಿ ಇಳಿಸುವ ಹಾಗಿರಲಿಲ್ಲ. ಹಿಂದೆ ಬೇರೆ ಗಾಡಿಗಳೂ ಸಾಲುಗಟ್ಟಿದ್ದವು. ತಮ್ಮ ಕೈಮುಗಿದು ಬೇಡಿಕೊಂಡ. ಒಳಗಿನಿಂದ ಗಂಡ, ಬಿಡೇ ಅವರನ್ನ ಎಂದು ಕೂಗಿದ. ಅವಳು ಗಂಜಿಯ ಗಡಿಗೆ, ನೀರಿನ ತಂಬಿಗೆ ತಂದು ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದಳು. ಗಳ ಎತ್ತಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಗಾಡಿಯಲ್ಲೇ ಮಗು ಹೋಯಿತು. ಅಲ್ಲೇ ರಸ್ತೆಯ ಪಕ್ಕದಲ್ಲಿ ಮಣ್ಣು ಮಾಡಿದರು.

"ಆ ವರ್ಷ ಈ ಕಡೆ ಊರಿಗೆ ಬೇನೆ ಬರ್ಲಿಲ್ಲ. ಊರೋರೆಲ್ಲ ನಮ್ಮತ್ತೆನ ಹೊಗಳಿದ್ರಂತೆ. ನಮ್ಮಮ್ಮ ಏನ್ ಮಾಡ್ಬೇಕಿತ್ತು, ನೀನೇ ಹೇಳು. ಹೊಗಳ್ಬೇಕಿತ್ತಾ?"

ಉತ್ತರಕ್ಕೆ ಅಜ್ಜಿ ಕಾಯಲಿಲ್ಲ. ಮತ್ತೆ ಬೀಜ ಬಿಡಿಸತೊಡಗಿದರು. ಎರಡೂ ಮನೆಯ ನಡುವೆ ಹೋಗಿಬರುವುದು ಅವತ್ತೇ ನಿಂತಿತಂತೆ. ನಾವು ಏಳುವಾಗ ಅಜ್ಜಿ ಅಪ್ಪನ ಮುಖವನ್ನು ಹತ್ತಿರದಿಂದ ನೋಡಿ ಹೇಳಿದರು:

"ನನ್ನ ನಿಮ್ಮಪ್ಪಂಗೇ ಕೊಡ್ಬೇಕಿತ್ತು. ಸೋದರತ್ತೆ ಮಗ. ಅದೂ ಆಗ್ಲಿಲ್ಲ."

ಗೇಟು ಇದ್ದ ಜಾಗವನ್ನು ಮನೆಯವರು ತೋರಿಸುತ್ತೇವೆ ಎಂದರು. ಇಷ್ಟು ಭಾನುವಾರ ಅದಕ್ಕಾಗಿಯೇ ಅಲೆದ ಅಪ್ಪ, ಬೇಡ, ಬಸ್ಸು ತಪ್ಪುತ್ತದೆ ಎಂದುಬಿಟ್ಟರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಆನವಟ್ಟಿಯವರೆಗೆ ನಡೆದೇ ಹೋದೆವು. ನಡುವೆ ಎರಡು ಸಲ ಕೂತರು. ನನಗೂ ಕಾಲು ಸೋತಿತ್ತು. ಮುತ್ತಜ್ಜಿಯದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟು ಶಕ್ತಿಯೂ ಇರಲಿಲ್ಲ. ತನ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಇಡೀ ರಾತ್ರಿ ಅವಳು ಎಲ್ಲಿ ನಿಂತಿದ್ದಳು, ಒಳಗೋ ಹೊರಗೋ ಎಂಬುದೊಂದೇ ತಲೆಯಲ್ಲಿತ್ತು.

ಶಿರಾಳಕೊಪ್ಪ ದಾಟಿದ ಮೇಲೆ ಅಪ್ಪ ಬಾಯಿ ಬಿಟ್ಟರು. "ನಮ್ಮಜ್ಜಿ ನಂಗೆ ನೆನಪಿದಾಳೆ. ಮಾತೇ ಕಮ್ಮಿ. ಮನೆ ಬಾಗ್ಲು ಯಾರಾದ್ರೂ ಬಡಿದ್ರೆ ಅವಳೇ ಎದ್ದು ಹೋಗಿ ತೆಗೀತಿದ್ಲು. ಮಂಡಿ ಹಿಡ್ಕಂಡಿದ್ರೂ ಬೇರೆಯವರಿಗೆ ಬಿಡ್ತಿರ್ಲಿಲ್ಲ."

ಆಮೇಲೆ ಅವರು ಗೇಟಿನ ಸುದ್ದಿ ಎತ್ತಲಿಲ್ಲ. ನನ್ನ ಭಾನುವಾರಗಳು ನನಗೆ ವಾಪಸು ಬಂದವು. ಮಲಗಿದರೂ ನಿದ್ದೆ ಬರುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕುಬಟೂರಿನಿಂದ ಸೈಕಲ್ಲಿನ ಮೇಲೆ ಒಬ್ಬರು ಬಂದರು. ಅಜ್ಜಿ ತೀರಿಹೋದರು ಎಂದರು. ಗೇಟಿನವರಿಗೂ ಹೇಳಿ ಕಳಿಸಿ ಎಂದು ಅವರೇ ಹೇಳಿದ್ದರಂತೆ. ಅಜ್ಜಿಗೆ ಕೊನೆಯದಾಗಿ ಹೊದಿಸಲು ಅಪ್ಪ ಅಂಗಡಿಯಿಂದ ಒಂದು ಸೀರೆ ತರಿಸಿ ಚೀಲಕ್ಕೆ ಹಾಕಿಕೊಂಡರು. ದಾರಿಯಲ್ಲಿ ಬಸ್ಸು ಕೆಟ್ಟು, ನಾವು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಸೀರೆಯನ್ನು ಮನೆಯ ಸೊಸೆಯ ಕೈಗೆ ಕೊಟ್ಟೆವು. ಆಕೆ ಬೇಡ ಎನ್ನಲಿಲ್ಲ. ಒಳಗೆ ಕರೆದು ಎಲೆ ಹಾಕಿದರು. ಅಪ್ಪ ತಲೆ ತಗ್ಗಿಸಿ, ಬಡಿಸಿದ್ದನ್ನೆಲ್ಲ ನಿಧಾನವಾಗಿ ಉಂಡರು.