ಭಾವನ ಬೋಟಿಗೆ ಹೊಸ ಮಿಷನ್ನು

ಭಾವನ ಬಲ ಅಂಗೈಯಲ್ಲಿ, ಬೆರಳುಗಳ ಬುಡಕ್ಕೆ ಅಡ್ಡವಾಗಿ ಒಂದು ಗಟ್ಟಿ ಗೆರೆ ಇತ್ತು. ದಪ್ಪ ಚರ್ಮ, ಹಳದಿ ಬಣ್ಣ, ಮುಟ್ಟಿದರೆ ಒಣಗಿದ ತೆಂಗಿನ ಮಟ್ಟೆಯ ಹಾಗೆ. ಬೋಟಿನ ಹಿಂದೆ ನೇತುಹಾಕುವ ಮೋಟಾರಿನ ಹಗ್ಗ ಎಳೆದೂ ಎಳೆದೂ ಬಂದದ್ದು. ಬಿಸಿ ಮುದ್ದೆಯನ್ನು ನಾವೆಲ್ಲ ಊದಿಕೊಂಡು ಮುರಿಯುತ್ತಿದ್ದರೆ ಅವರು ಸೀದಾ ಕೈ ಹಾಕುತ್ತಿದ್ದರು. ಸುಡುವುದಿಲ್ಲವಾ ಎಂದು ಕೇಳಿದರೆ ‘ಯಾವ್ದು?’ ಅನ್ನುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಅಪ್ಪ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ಕುಣಿಗಲ್ಲಿಗೆ ಕರೆದುಕೊಂಡು ಬಂದಾಗ ಈ ಮನುಷ್ಯ ಯಾಕೆ, ಎಷ್ಟು ದಿನಕ್ಕೆ ಎಂದು ಒಂದು ಮಾತು ಕೇಳಲಿಲ್ಲ. ‘ಒಂದ್ ಮುದ್ದೆ ಜಾಸ್ತಿ ಕಟ್ಟು’ ಅಂದರಂತೆ, ಅಷ್ಟೇ. ನಾನು ಓದಿದ್ದು, ಉಟ್ಟಿದ್ದು, ಈಗ ತುಮಕೂರಿನ ಸದಾಶಿವನಗರದಲ್ಲಿ ಸಂಬಳ ಎಣಿಸಿಕೊಂಡು ಫ್ಯಾನಿನ ಕೆಳಗೆ ಕೂತಿರುವುದು ಎಲ್ಲವೂ ಕುಣಿಗಲ್ ಕೆರೆಯ ಅನ್ನ. ಭಾನುವಾರ ಹೆಂಡತಿ ಮಕ್ಕಳ ಸಮೇತ ಬಂದವರನ್ನು ಕೂರಿಸಿಕೊಂಡು ಭಾವ ಕೆರೆಯಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರು. ಉಳಿದ ದಿನ ಆಚೆ ದಡದ ಹೊಲಕ್ಕೆ ಹೋಗುವವರು, ಹುಲ್ಲಿನ ಹೊರೆ, ಒಮ್ಮೊಮ್ಮೆ ಯಾರದೋ ಮೇಕೆ. ಬೋಟು ಹಳೆಯದು. ಅದರ ಮೋಟಾರು, ಭಾವ ಅದನ್ನು ಮಿಷನ್ನು ಅನ್ನುತ್ತಿದ್ದರು, ಇನ್ನೂ ಹಳೆಯದು. ಮಂಗಳೂರು ಕಡೆಯ ಮೀನುಗಾರರೊಬ್ಬರು ಬಳಸಿ ಬಿಟ್ಟದ್ದನ್ನು ಲಾರಿಯಲ್ಲಿ ತರಿಸಿದ್ದರು.

ಬೋಟು ಓಡಿಸುವವರೆಂದರೆ ನಗಿಸುತ್ತಾ ಹಾಡು ಹೇಳುತ್ತಾ ಇರುತ್ತಾರೆ ಎಂದು ಬಂದವರು ಅಂದುಕೊಂಡಿರುತ್ತಿದ್ದರು. ಅಯ್ಯೋ ರಾಮ, ಭಾವನ ಮುಖ ನೋಡಿದರೆ ಯಾರದೋ ಮಣ್ಣಿಗೆ ಹೊರಟ ಹಾಗೆ ಇರುತ್ತಿತ್ತು. ಯಾರಾದರೂ ಬೋಟಿನಲ್ಲಿ ಎದ್ದು ನಿಂತು ಫೋಟೊ ತೆಗೆಯಲು ಹೋದರೆ ಬೈಗುಳ ಶುರು. ‘ನೀರ್ ಮೇಲೆ ನಗಾಡ್ಬೇಡ್ರಪ್ಪಾ, ದಡಕ್ಕೆ ಬಂದ್ಮೇಲೆ ಎಷ್ಟಾದ್ರೂ ನಗಾಡಿ’ ಅನ್ನುವುದು ಅವರ ಖಾಯಂ ಮಾತು. ಆ ಮಾತು ಕೇಳಿಯೇ ಅರ್ಧ ಗಿರಾಕಿಗಳು ಎರಡನೇ ಸಲ ಬರುತ್ತಿರಲಿಲ್ಲ.

ಅವರ ಹೆದರಿಕೆಗೆ ಕಾರಣವಿತ್ತು. ಒಂದು ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ಕೋಡಿ ಬಿತ್ತು. ಗಂಗಮ್ಮನಿಗೆ ಬಾಗಿನ ಬಿಡಲು ಒಂದು ದೊಡ್ಡ ಕುಟುಂಬ ಬಂತು. ದಡದಲ್ಲಿ ಬಿಟ್ಟರೆ ಮೊರ ವಾಪಸ್ ಕಾಲಿಗೇ ಬರುತ್ತದೆ, ನಡುನೀರಿಗೇ ಹೋಗಬೇಕೆಂದು ಅವರ ಹಟ. ನಾನೂ ಬೋಟಿನಲ್ಲಿದ್ದೆ, ಹಿಂದೆ ಭಾವನ ಪಕ್ಕ. ಮೊರವನ್ನು ನೀರಿಗೆ ಬಿಡುವಾಗ ಮನೆಯವರೆಲ್ಲ ಅದಕ್ಕೆ ಕೈ ತಾಕಿಸಬೇಕಲ್ಲ. ಅಜ್ಜಿ, ಸೊಸೆಯರು, ಮಕ್ಕಳು, ಅಳಿಯ, ಎಲ್ಲರೂ ಒಂದೇ ಪಕ್ಕಕ್ಕೆ ಬಾಗಿದರು. ಬೋಟು ವಾಲಿ ನೀರು ಒಳಗೆ ನುಗ್ಗಿತು.

‘ಕೂತ್ಕಳ್ರೋ! ಇದ್ದಿದ್ ಜಾಗ್ದಲ್ಲೇ ಕೂತ್ಕಳಿ!’

ಭಾವ ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೋಟು ನೆಟ್ಟಗಾಯಿತು, ಆದರೆ ಮಿಷನ್ನು ನಿಂತುಹೋಗಿತ್ತು. ಗಾಳಿ ನಮ್ಮನ್ನು ಕೋಡಿಯ ಕಡೆಗೆ ತಳ್ಳುತ್ತಿತ್ತು. ತುಂಬಿದ ಕೆರೆಯ ನೀರು ಕಟ್ಟೆ ದಾಟಿ ಆಚೆಗೆ ಧುಮುಕುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಹುಟ್ಟು ಹಾಕಿದೆ, ಆ ಗಾಳಿಗೆ ಏನೂ ಆಗಲಿಲ್ಲ. ‘ಎಳೀರೀ ಹಗ್ಗ, ಎಳೀರೀ’ ಎಂದು ಆ ಮನೆಯ ಯಜಮಾನ ಬಾಯಿ ಬಡಿದುಕೊಂಡ. ಭಾವ ಎಳೆಯಲಿಲ್ಲ. ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಮಿಷನ್ನಿಗೆ ಹೊದಿಸಿ, ಕೈಕಟ್ಟಿ ಕೂತುಬಿಟ್ಟರು.

‘ಕಾಯ್ದೈತೆ. ಈಗ ಎಳುದ್ರೆ ಪೆಟ್ರೋಲ್ ತುಂಬ್ಕಂಡು ಪೂರ್ತಿ ಕೂತ್ಕಬುಡ್ತದೆ. ಸುಮ್ಕಿರಿ ಒಂದ್ ಗಳಿಗೆ.’

ಮಕ್ಕಳು ಅಳುತ್ತಿದ್ದವು. ಅಜ್ಜಿ ಗಂಗಮ್ಮನನ್ನು ಕೂಗುತ್ತಿದ್ದಳು. ಭಾವನ ಕಣ್ಣು ಮಾತ್ರ ಆ ಟವೆಲಿನಿಂದ ಏಳುವ ಹಬೆಯ ಮೇಲಿತ್ತು. ಹಬೆ ನಿಂತ ಮೇಲೆ ಎದ್ದು ಹಗ್ಗ ಎಳೆದರು. ಮಿಷನ್ನು ಹೊತ್ತಿಕೊಂಡಿತು. ದಡದಲ್ಲಿ ಆ ಮನೆಯವರೆಲ್ಲ ಅವರ ಕಾಲಿಗೆ ಬಿದ್ದರು. ಭಾವ ಅವರನ್ನು ಗದರಿಸಿ ಕಳಿಸಿ ಮನೆಗೆ ಬಂದು ಊಟ ಮಾಡದೆ ಮಲಗಿದರು. ಅಕ್ಕ ಏನಾಯ್ತೆಂದು ಕೇಳಿದಾಗ ಗೋಡೆ ಕಡೆ ತಿರುಗಿಕೊಂಡೇ ಹೇಳಿದರು: ‘ಇವತ್ತು ನಾನಿದ್ದೆ ಕಣೇ. ಬೇರೆ ಯಾವನಾರ ಇದ್ದಿದ್ರೆ ಹೆದ್ರುಕಂಡು ಹಗ್ಗ ಎಳ್ದೂ ಎಳ್ದೂ ಅಷ್ಟೂ ಜನ್ರುನ್ನ ಕೋಡಿಗೆ ಹಾಕಿರೋನು.’

ಅಲ್ಲಿಂದ ಮುಂದೆ ಆ ಮಿಷನ್ನನ್ನು ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಎಷ್ಟೋ ಸಲ ಬಿಚ್ಚಿಸಿ ರಿಪೇರಿ ಮಾಡಿಸಿದರು. ಕಾದರೆ ನಿಲ್ಲುವ ಆ ಚಾಳಿ ಮಾತ್ರ ಹೋಗಲಿಲ್ಲ.

ಮೊನ್ನೆ ಮೊನ್ನೆ, ಅವರ ಕಿಡ್ನಿ ಎರಡೂ ಕೈಕೊಟ್ಟವು. ಡಯಾಲಿಸಿಸ್ಸಿಗೆಂದು ಕುಣಿಗಲ್ಲಿಂದ ತುಮಕೂರಿಗೆ ಓಡಾಡಿ ಓಡಾಡಿ ಮೈ ಬತ್ತಿಹೋಯಿತು. ಹಗ್ಗ ಎಳೆಯುವುದಿರಲಿ, ಚೊಂಬು ಎತ್ತಿದರೆ ಕೈ ನಡುಗುತ್ತಿತ್ತು. ಬೋಟು ಮಾರುವುದೆಂದಾಯಿತು. ಗುಬ್ಬಿ ಕಡೆಯ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ತೆಗೆದುಕೊಂಡ ಒಬ್ಬ ಬಂದು ನೋಡಿ, ಮಿಷನ್ನಿನ ಸಮೇತ ಇದ್ದ ಹಾಗೇ ಕೊಡಿ ಎಂದು ಒಪ್ಪಿ, ಅಡ್ವಾನ್ಸ್ ಕೊಟ್ಟು ಹೋದ. ನಮಗೆಲ್ಲ ಜೀವ ಬಂದ ಹಾಗಾಯಿತು.

ಆಗ ಭಾವ ತಮ್ಮ ವರಸೆ ತೆಗೆದರು. ಈ ಮಿಷನ್ನನ್ನು ಕೊಡುವುದಿಲ್ಲ, ಹೊಸದನ್ನು ಹಾಕಿಯೇ ಬೋಟು ಕೊಡುತ್ತೇನೆ, ಆ ಅಡ್ವಾನ್ಸ್ ಅದಕ್ಕೇ ಇರಲಿ ಎಂದರು.

ಅಕ್ಕ ಕೈಯಲ್ಲಿದ್ದ ಸೌಟನ್ನು ಎಸೆದಳು. ‘ತಲೆ ಗಿಲೆ ಕೆಟ್ಟೈತೇನ್ರೀ ನಿಮ್ಗೆ? ಮಾರೋ ಬೋಟಿಗೆ ಯಾರಾದ್ರೂ ಹೊಸ ಮಿಷನ್ ಹಾಕ್ತಾರಾ? ಆ ದುಡ್ಡು ನಿಮ್ ರಕ್ತ ಶುದ್ಧಿ ಮಾಡ್ಸಕ್ಕೆ ಕಣ್ರೀ! ಅವ್ನೇನು ನಿಮ್ಮನ್ನ ಕೇಳಿದ್ನಾ?’

‘ಕೇಳ್ನಿಲ್ಲ. ಅವ್ನಿಗೆ ಗೊತ್ತಿಲ್ಲ, ಅದ್ಕೇ ಕೇಳ್ನಿಲ್ಲ.’

‘ಗೊತ್ತಿಲ್ದಿದ್ರೆ ಹೇಳ್ಕೊಡಿ ಭಾವ, ಟವೆಲ್ ಹೊದಿಸೋದು ಏನ್ ಮಹಾ ವಿದ್ಯೆ’ ಎಂದು ನಾನೂ ಬಾಯಿ ಹಾಕಿದೆ. ನನಗೂ ಸಿಟ್ಟು ಬಂದಿತ್ತು.

ಭಾವ ನನ್ನನ್ನೇ ನೋಡಿದರು. ‘ಏನ್ಲಾ, ನೀನೂ ಬೋಟಲ್ಲಿದ್ದಲ್ಲ ಅವತ್ತು. ಜೀವ ಬಾಯಿಗೆ ಬಂದಾಗ ಹೇಳ್ಕೊಟ್ಟಿದ್ದು ನೆಪ್ಪಿಗೆ ಬತ್ತದಾ? ಕೂಲಿಯೋರು ಕೂತಿರ್ತಾರೆ ಕಣೋ ಅದ್ರಾಗೆ. ಅವ್ರಿಗೂ ಮನೆ ಮಠ ಐತೆ.’

ಆಮೇಲೆ ಯಾರು ಏನು ಹೇಳಿದರೂ ಕೇಳಲಿಲ್ಲ. ತುಮಕೂರಿನ ಶಿರಾ ಗೇಟ್ ಹತ್ತಿರ ಪಂಪ್‌ಸೆಟ್ಟು, ಬೋಟಿನ ಮೋಟಾರು ಎರಡನ್ನೂ ನೋಡುವ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಂದಲೇ ಹೊಸದನ್ನು ತರಿಸಿದರು. ದುಡ್ಡಿಗೆ ತಕ್ಕ ಹಾಗೆ ಚಿಕ್ಕದು, ನೀಲಿ ಬಣ್ಣದ್ದು. ಕೂರಿಸುವ ದಿನ ನಾನು ರಜೆ ಹಾಕಿ ಕುಣಿಗಲ್ಲಿಗೆ ಹೋದೆ. ಹಳೆಯದನ್ನು ಹಿಡಿದಿದ್ದ ತಿರುಪುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಸೀಮೆಎಣ್ಣೆ ಸುರಿದು ಕಾದು ಕಾದು ಬಿಚ್ಚಿದೆವು. ಭಾವ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ‘ಹಲಗೆ ಸೀಳೀಯೆ, ನಿಧಾನ’ ಎನ್ನುತ್ತಿದ್ದರು. ಹಿಂದಿನ ಹಲಗೆ ಮೆತ್ತಗಾಗಿತ್ತು. ಅದನ್ನೂ ಬದಲಾಯಿಸಿ ಹೊಸ ಮಿಷನ್ನು ಬಿಗಿದೆವು.

ಉಳಿದದ್ದು ಹಳೆಯ ಮಿಷನ್ನು. ಹುಲ್ಲಿನ ಮೇಲೆ ಮಲಗಿತ್ತು. ಮತ್ತೆ ಯಾರೂ ಬಳಸದ ಹಾಗೆ ಅದನ್ನು ಒಡೆದು ಗುಜರಿಗೆ ಹಾಕುವುದೆಂದು ಭಾವ ಮೊದಲಿಂದಲೂ ಹೇಳಿದ್ದರು. ಮೆಕ್ಯಾನಿಕ್ ಸುತ್ತಿಗೆ ಎತ್ತಿಕೊಂಡ. ಅದರ ನೆತ್ತಿಯ ಮೇಲೆ ಆಯುಧಪೂಜೆಗೆ ಹಚ್ಚಿದ ವಿಭೂತಿ ಕುಂಕುಮ ಎಣ್ಣೆಜಿಡ್ಡಿನ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಭಾವ ಅದನ್ನೇ ನೋಡುತ್ತಿದ್ದರು.

‘ತಡಿಯಪ್ಪಾ. ವರ್ಷಾ ವರ್ಷಾ ಕೈಮುಗ್ದಿರೋ ಸಾಮಾನು. ಅದ್ಕೆ ಸುತ್ತಿಗೆ ಹಾಕ್ಸಿದ್ರೆ ನಮ್ಗೆ ಒಳ್ಳೇದಾಗಲ್ಲ. ಹಂಗೇ ತಕ್ಕೊಂಡೋಗು. ಯಾರ್ಗೂ ಮಾರ್ಬ್ಯಾಡ, ಮೂಲೇಲಿ ಮಡಗು.’

ಮೆಕ್ಯಾನಿಕ್ ಆಯ್ತು ಯಜಮಾನ್ರೇ ಎಂದು ಗಾಡಿಗೆ ಹಾಕಿಕೊಂಡು ಹೋದ. ನಾನಾದರೂ ಒಂದು ಏಟು ಹಾಕಬಹುದಿತ್ತು. ಆ ಕ್ಷಣ ನನಗೂ ಅವರು ಹೇಳಿದ್ದೇ ಸರಿ ಅನ್ನಿಸಿತು. ನಾವೆಲ್ಲ ಹಾಗೇ ಬೆಳೆದವರು.

ಬೋಟು ಗುಬ್ಬಿ ಕಡೆಗೆ ಹೋಯಿತು. ಭಾವ ಮತ್ತು ಅಕ್ಕ ನನ್ನ ಮನೆಗೇ ಬಂದು ಇದ್ದರು. ಹಾಸಿಗೆಯಲ್ಲಿ ಮಲಗಿದ್ದರೂ ಅವರ ಬಾಯಲ್ಲಿ ಹೊಸ ಮಿಷನ್ನಿನ ಮಾತೇ. ಆ ಗುತ್ತಿಗೆಯವನು ಮೊದಲನೇ ಸರ್ವಿಸ್ ಮಾಡಿಸಿದನಾ ಕೇಳ್ಕೊಂಡು ಬಾ ಎಂದು ದಿನಾ ನನ್ನ ಪ್ರಾಣ ತಿನ್ನುತ್ತಿದ್ದರು. ಕಾಟ ತಾಳಲಾರದೆ ಒಂದು ಸಂಜೆ ಆಫೀಸಿನಿಂದ ಬರುವಾಗ ಶಿರಾ ಗೇಟಿನಲ್ಲಿ ಇಳಿದೆ. ಅಂಗಡಿಯೊಳಗೆ ಕಾಲಿಟ್ಟವನು ಅಲ್ಲೇ ನಿಂತೆ. ನೀಲಿ ಮಿಷನ್ನು ಸ್ಟ್ಯಾಂಡಿನ ಮೇಲೆ ನೇತಾಡುತ್ತಿತ್ತು.

‘ಆ ಗುಬ್ಬಿಯವ್ರು ವಾಪಸ್ ತಂದ್ರು ಸಾರ್’ ಎಂದ ಮೆಕ್ಯಾನಿಕ್, ನನ್ನ ಮುಖ ನೋಡದೆ. ‘ಇದು ಬರೀ ಜನ ಕೂರ್ಸ್ಕೊಂಡು ಹೋಗೋಕೆ ಸರಿ. ಒದ್ದೆ ಬಲೆ, ಮೀನು ಎಲ್ಲಾ ಹೇರಿದ್ರೆ ಎಳೀತಿಲ್ಲ ಅಂತ ಬೈದ್ರು. ಮೂಲೇಲಿ ಹಳೇದು ಇತ್ತಲ್ಲ, ಅದನ್ನ ನೋಡಿ ಇದೇ ಕೊಡು ಅಂದ್ರು. ಬೇಡ ಅಂದೆ, ಕೇಳ್ಲಿಲ್ಲ.’

ಅವನಿಗೆ ಏನೆಂದು ಬೈಯಲಿ? ಭಾವ ಯೋಚಿಸಿದ್ದು ಜನರ ಭಾರವನ್ನು. ಬಲೆಯ ಭಾರ ಅವರ ತಲೆಗೆ ಹೊಳೆದೇ ಇರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ. ಯಾವುದು ಬೇರೆಯವರ ಕೈಗೆ ಹೋಗಬಾರದೆಂದು ಅವರು ತಮ್ಮ ಔಷಧಿಯ ದುಡ್ಡನ್ನು ಸುರಿದರೋ ಅದೇ ಹೋಗಿ ಅದೇ ಬೋಟಿನ ಹಿಂದೆ ಕೂತಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿದೆ. ‘ನಾನ್ ಅವತ್ತೇ ಬಡ್ಕೊಂಡೆ’ ಎಂದು ಅವಳು ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆ ಆರಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡು ನನಗಿಂತ ಮೊದಲು ಕೋಣೆಗೆ ಹೋದಳು.

‘ಏನಂತೆ ಮಿಷನ್ನು?’ ಭಾವ ದಿಂಬಿನಿಂದ ತಲೆ ಎತ್ತಿದರು.

‘ಒಂದೇ ಎಳ್ತಕ್ಕೆ ಸ್ಟಾರ್ಟ್ ಆಗ್ತದಂತೆ ಕಣ್ರೀ. ಆವಪ್ಪ ನಿಮ್ಮನ್ನ ಬಾಳ ನೆನುಸ್ಕಂಡ್ನಂತೆ.’

‘ನೋಡ್ದಾ ಮತ್ತೆ. ಸೌಟ್ ಎಸ್ದಿದ್ದೆ ನೀನು.’

‘ಹೂಂ ಕಣ್ರೀ. ನಂದೇ ತಪ್ಪು.’

ನನ್ನ ಕಡೆ ತಿರುಗಿ ಭಾವ ಮೊಟ್ಟಮೊದಲ ಬಾರಿಗೆ ಹಲ್ಲು ಕಾಣುವ ಹಾಗೆ ನಕ್ಕರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ವಾರವೇ ಅವರು ಹೋದರು.

ತಿಥಿ ಮುಗಿದ ಮೇಲೆ ನಾನು ಗುಬ್ಬಿ ಬಸ್ಸು ಹತ್ತಿದೆ. ಗುತ್ತಿಗೆದಾರ ಕೆಟ್ಟ ಮನುಷ್ಯನಲ್ಲ. ಭಾವ ತೀರಿಕೊಂಡರೆಂದು ಕೇಳಿ ನೊಂದುಕೊಂಡ, ಟೀ ತರಿಸಿದ. ಅವನಿಗೆ ಎಲ್ಲವನ್ನೂ ಹೇಳಿದೆ. ಆ ಮಿಷನ್ನನ್ನು ನನಗೇ ಕೊಡಿ, ಬೇರೆ ದೊಡ್ಡದಕ್ಕೆ ನಾನೂ ಕೈಜೋಡಿಸುತ್ತೇನೆ ಎಂದು ಬೇಡಿದೆ.

‘ಮೀನಿನ ಸೀಜನ್ನು ಸಾ ಇದು. ಈಗ ಬಿಚ್ಚಿ ಕೂತ್ರೆ ನಮ್ ಕಥೆ ಮುಗೀತು. ಕಳೀಲಿ, ನೋಡಣ’ ಎಂದ.

ಬೋಟು ಹತ್ತಲು ಹೊರಟ ಕೂಲಿಯವರ ಹತ್ತಿರ ಹೋದೆ. ನಿಂತರೆ ಹಗ್ಗ ಎಳೆಯಬೇಡಿ, ಒದ್ದೆ ಬಟ್ಟೆ ಹೊದಿಸಿ ಹಬೆ ನಿಲ್ಲುವ ತನಕ ಸುಮ್ಮನೆ ಕೂತುಕೊಳ್ಳಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ‘ಆಯ್ತು ಬುಡಿ ಸಾ’ ಎಂದು ತಲೆ ಆಡಿಸಿದರು. ಅವರಲ್ಲೊಬ್ಬ ನನ್ನ ಗಾಬರಿ ನೋಡಿ ನಕ್ಕ. ಮಿಷನ್ನು ಹೊಗೆ ಉಗುಳಿ ಹೊತ್ತಿಕೊಂಡಿತು, ಬೋಟು ನಡುನೀರಿನ ಕಡೆಗೆ ಹೋಯಿತು.

ಅವರು ಬಲೆ ಎಳೆದುಕೊಂಡು ವಾಪಸ್ ಬರುವ ತನಕ ನಾನು ಏರಿಯ ಮೇಲೆ ನಿಂತಿದ್ದೆ. ಎಲ್ಲರೂ ಇಳಿದರು, ಮೀನು ಇಳಿಸಿದರು, ನಾನು ತುಮಕೂರಿನ ಬಸ್ಸಿಗೆ ನಡೆದೆ. ನಾಳೆ ನಾನು ಆಫೀಸಿನಲ್ಲಿರುತ್ತೇನೆ. ಅವರು ನಾಳೆಯೂ ಹೋಗುತ್ತಾರೆ.