ಖಾಲಿ ಅಂದದ್ದು ಜುಮಾ ಅಲ್ಲ

ನನ್ನ ಮೊಮ್ಮಗಳು ಭವ್ಯಾಗೆ ಕೆಲಸ ಸಿಕ್ಕಿತು! ಕಾಡಿನೊಳಗೆ ಜೀಪಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗಿ ಪ್ರಾಣಿ ತೋರಿಸುವ ಗೈಡ್ ಕೆಲಸ. ಕಳೆದ ಶನಿವಾರ ಬೆಳಿಗ್ಗೆ ಫೋನ್ ಬಂತು. ಮಧ್ಯಾಹ್ನದೊಳಗೆ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ನಾನು ಹೇಳದ ಮನೆ ಉಳಿಯಲಿಲ್ಲ. ಇಸ್ತ್ರಿ ಅಂಗಡಿಯವನಿಗೆ ಎರಡು ಸಲ ಹೇಳಿದೆನಂತೆ. ನಮ್ಮ ವಂಶದಲ್ಲಿ ಹೆಣ್ಣುಮಗಳೊಬ್ಬಳು ಹಸಿರು ಅಂಗಿ ಹಾಕಿ, ಎದೆಯ ಮೇಲೆ ಹೆಸರಿನ ಬಿಲ್ಲೆ ಇಟ್ಟುಕೊಂಡು, ಆನೆ ಮುಂದೆ ನಿಲ್ಲುತ್ತಾಳೆ ಅಂದರೆ — ಹೇಳದೆ ಹೇಗಿರಲಿ?

ಆದರೆ ಅದೇ ಕೆಲಸವನ್ನು, ಅಂಥದೇ ಬಿಲ್ಲೆಯನ್ನು, ಹನ್ನೆರಡು ವರ್ಷದ ಹಿಂದೆ ನಾನು ಒಬ್ಬನ ಎದೆಯಿಂದ ಕಿತ್ತಿದ್ದೇನೆ. ಅವನ ಹೆಸರು ಜುಮಾ. ನನ್ನ ಜೀವ ಉಳಿಸಿದವನು. ನಾನು ಅವನ ಮೇಲೆ ಸುಳ್ಳು ಹೇಳಿದೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು, ಬರೆದು ರೂಢಿ ಇರುವುದು ಗೇಟಿನ ಪುಸ್ತಕ ಮಾತ್ರ. ಅದರಲ್ಲಿ ಬರೆಯುತ್ತಿದ್ದ ಹಾಗೇ ಬರೆಯುತ್ತೇನೆ. ನಡೆದದ್ದು ನಡೆದ ಹಾಗೆ.

ಪೀಣ್ಯದ ಒಂದು ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲಿದ್ದೆ. ಲಾರಿ ಹೊರಗೆ ಹೋಗುವಾಗ ಹಿಂದೆ ಹತ್ತಿ, ಟಾರ್ಪಾಲು ಎತ್ತಿ ನೋಡಿ, "ಖಾಲಿ!" ಎಂದು ಕೂಗಬೇಕು. ನಾನು ಕೂಗಿದ ಮೇಲೇ ಅಡ್ಡಗಂಬ ಮೇಲೇಳುತ್ತಿತ್ತು. ಖಾಲಿ ಎಂದರೆ ಏನೂ ಇಲ್ಲ, ಭಯವಿಲ್ಲ, ಹೋಗು — ನನ್ನ ಕಿವಿಗೆ ಅದೊಂದೇ ಅರ್ಥ. ದಿನಕ್ಕೆ ಐವತ್ತು ಸಲ, ಮೂವತ್ತೊಂದು ವರ್ಷ.

ನಾನು ನಿವೃತ್ತನಾದ ವರ್ಷ ಅಳಿಯ ಮಂಜುನಾಥನನ್ನು ಅವನ ಕಂಪನಿಯವರು ಟಾಂಜಾನಿಯಾಕ್ಕೆ ಕಳಿಸಿದರು. ಅಲ್ಲಿನ ಹಿಟ್ಟಿನ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಮಿಷನ್ ಕೂರಿಸುವ ಕೆಲಸ, ಆರು ತಿಂಗಳು. ಬೇಸಿಗೆ ರಜೆಯಲ್ಲಿ ಮಗಳು ಗೀತಾ, ಒಂಬತ್ತು ವರ್ಷದ ಭವ್ಯಾ, ಜೊತೆಗೆ ನಾನು — ಮೂವರೂ ಅಲ್ಲಿಗೆ ಹೋದೆವು. ನನ್ನ ಹೆಂಡತಿ ಲಕ್ಷ್ಮಮ್ಮ ಬರಲಿಲ್ಲ. "ನನ್ ಮಂಡಿ ದಾಸರಹಳ್ಳಿಗೇ ಓಗಾಕಿಲ್ಲ ಅಂತದೆ, ಆಫ್ರಿಕಾಕ್ಕೆ ಓಯ್ತದಾ?" ಅಂದಳು.

ಒಂದು ಭಾನುವಾರ ಅಳಿಯ ನಮ್ಮನ್ನು ಕೆರೆ ಪಕ್ಕದ ಚಿಕ್ಕ ಕಾಡಿಗೆ ಕರೆದುಕೊಂಡು ಹೋದ. ಅರ್ಧ ದಿನದಲ್ಲಿ ಸುತ್ತಿ ಮುಗಿಸುವಷ್ಟೇ ದೊಡ್ಡದು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಕೆರೆ, ನಡುವೆ ಮರ. ಕೆರೆಯ ಅಂಚಿನಲ್ಲಿ ಗುಲಾಬಿ ಬಣ್ಣದ ಕೊಕ್ಕರೆಗಳು — ಯಾರೋ ಸೀರೆ ಒಣಗಹಾಕಿದ್ದಾರೆ ಅಂದುಕೊಂಡಿದ್ದೆ, ಅದು ಎದ್ದು ಹಾರಿತು. ನೀರಾನೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿದ್ದವು. ಕೋತಿಗಳು ದಾರಿ ಮಧ್ಯೆ ಹೇನು ಹೆಕ್ಕುತ್ತ ಕೂತು ನಮಗೆ ಜಾಗ ಬಿಡಲಿಲ್ಲ.

ಜೀಪು ಓಡಿಸುತ್ತಿದ್ದವನೇ ಗೈಡು, ಆ ಜುಮಾ. ತೆಳ್ಳಗಿನವನು, ಮೂವತ್ತರ ಆಸುಪಾಸು. ಅಳಿಯನ ಜೊತೆ ಇಂಗ್ಲಿಷು, ನನ್ನ ಜೊತೆ ಅವನ ಭಾಷೆ ಮತ್ತು ಕೈಸನ್ನೆ. ಭವ್ಯಾಗೆ ದಾರಿಯುದ್ದಕ್ಕೂ ಮಾತು ಕಲಿಸಿದ. ಸಿಂಹಕ್ಕೆ ಸಿಂಬಾ. ತಾತನಿಗೆ ಬಾಬು.

"ತಾತ, ನೀನು ಬಾಬು ಅಂತೆ!" ಎಂದು ಅವಳು ಕುಣಿದಳು.

"ಈ ವಯಸ್ಸಲ್ಲಿ ಬಾಬು ಆಗ್ಬಿಟ್ರಲ್ಲ ಮಾವ, ಇನ್ನೇನು ಕೂಲಿಂಗ್ ಗ್ಲಾಸ್ ಹಾಕ್ಬೇಕಷ್ಟೆ," ಎಂದ ಅಳಿಯ.

ನನಗೆ ಸಕ್ಕರೆ ಕಾಯಿಲೆ. ಎರಡು ಗಂಟೆ ಕೂತರೆ ಎದ್ದು ಹೋಗಲೇಬೇಕು. ಅಳಿಯನ ಎದುರು ಹೇಳಲು ನಾಚಿಕೆ. ಅವನು ಕಂಪನಿಯಲ್ಲಿ ಇಂಜಿನಿಯರು, ನಾನು ಅಂಥದೇ ಕಂಪನಿಯ ಗೇಟಿನಲ್ಲಿ ನಿಂತವನು. ಅವನು ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ, ನಾನು ಒಂದು ದಿನವೂ ಮರೆಯಲಿಲ್ಲ. ಜೀಪು ಒಂದು ಪೊದೆಯ ಪಕ್ಕ ನಿಂತಿತು. ಅಳಿಯ, ಗೀತಾ, ಭವ್ಯಾ ಮೂವರೂ ಕೆರೆಯ ಕಡೆ ತಿರುಗಿ ಫೋಟೋ ಹಿಡಿಯುತ್ತಿದ್ದರು. ನಾನು ಜುಮಾನ ಭುಜ ಮುಟ್ಟಿ ಕಿರುಬೆರಳು ಎತ್ತಿ ತೋರಿಸಿದೆ. ಶಾಲೆಯಲ್ಲಿ ಮೇಷ್ಟರಿಗೆ ತೋರಿಸುತ್ತಿದ್ದ ಹಾಗೆ. ಅವನಿಗೆ ಕಿರುಬೆರಳಿನ ಅರ್ಥ ಗೊತ್ತಾಗಲಿಲ್ಲ ಅಂತ ಕಾಣುತ್ತದೆ. ನಾನು ಪೊದೆ ಕಡೆ ಕೈ ಮಾಡಿದೆ. ಅವನು ಅತ್ತ ನೋಡಿ, ದನಿ ತಗ್ಗಿಸಿ, ಬೆರಳಿನಿಂದ ಆ ಪೊದೆಯನ್ನೇ ತೋರಿಸುತ್ತ ಹೇಳಿದ:

"ಕಾಲಿ, ಬಾಬು. ಕಾಲಿ ಸಾನಾ."

ಖಾಲಿ. ಸಣ್ಣ. ಸಣ್ಣ ಪೊದೆ, ಖಾಲಿ ಇದೆ, ಹೋಗು — ಅಂತ ನನ್ನ ಕಿವಿ ಕೇಳಿಸಿಕೊಂಡಿತು. ಬಾಗಿಲು ತೆಗೆದು ಇಳಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಏನೋ. ಪೊದೆ ಎದ್ದು ನಿಂತಿತು. ಕಾಡೆಮ್ಮೆ.

ಆಮೇಲಿನದು ಚೂರುಚೂರಾಗಿ ನೆನಪಿದೆ. ಹಿಂದಿನಿಂದ ಯಾರೋ ನನ್ನ ಸೊಂಟ ಹಿಡಿದು ಎತ್ತಿದ ಹಾಗೆ. ಜೀಪಿನ ಸೀಟಿಗೆ ನನ್ನ ಮುಖ ಬಡಿದದ್ದು. ದೊಡ್ಡದೊಂದು ಸದ್ದು. ಗೀತಾಳ ಚೀರಾಟ. ಜುಮಾ ನನ್ನನ್ನು ಒಳಗೆ ತಳ್ಳಿದ್ದ, ಅವನ ಕಾಲು ಇನ್ನೂ ಹೊರಗಿತ್ತು. ಕಾಡೆಮ್ಮೆ ಬಾಗಿಲಿಗೆ ಗುದ್ದಿದಾಗ ಆ ಪಾದ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದೇ ಕಾಲಿನಲ್ಲಿ ಅವನು ಗೇಟಿನವರೆಗೂ ಗಾಡಿ ಓಡಿಸಿದ.

ಗೇಟು. ಅಲ್ಲೂ ಒಂದು ಅಡ್ಡಗಂಬ, ಒಂದು ಪುಸ್ತಕ, ಒಬ್ಬ ಸಾಹೇಬ. ಗಾಡಿಯಿಂದ ಯಾರನ್ನೂ ಇಳಿಸಬಾರದು ಎನ್ನುವುದು ಆ ಕಾಡಿನ ಮೊದಲ ನಿಯಮವಂತೆ. ಜುಮಾ ಪಾದಕ್ಕೆ ಟವೆಲ್ ಸುತ್ತಿಕೊಂಡು ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಕೋಣೆಯಲ್ಲಿ ಸಾಹೇಬ ಕೇಳಿದ್ದನ್ನು ಅಳಿಯ ನನಗೆ ಕನ್ನಡದಲ್ಲಿ ಹೇಳಿದ.

"ಮಾವ, ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನೀವೇ ಇಳಿದ್ರಾ, ಅವನು ಇಳೀರಿ ಅಂದ್ನಾ?"

ನಾನೇ ಇಳಿದೆ ಅಂದರೆ ಯಾಕೆ ಅಂತ ಕೇಳುತ್ತಾರೆ. ಉಚ್ಚೆಗೆ ಅಂತ ಹೇಳಬೇಕು. ಮಗಳ ಮುಂದೆ, ಮೊಮ್ಮಗಳ ಮುಂದೆ, ಆ ಸಾಹೇಬನಿಗೆ ಅಳಿಯ ಅದನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಹೇಳಬೇಕು…

"ಖಾಲಿ ಅಂದ," ಅಂದೆ. "ಇಳಿ ಅಂದ."

ಮೊದಲ ಮಾತು ನನ್ನ ಕಿವಿಯ ತಪ್ಪು. ಎರಡನೆಯದು ನನ್ನದೇ. ಇಳಿ ಅಂತ ಅವನು ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ಸಾಹೇಬ ಬರೆದುಕೊಂಡ. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಗೇಟಿನ ಪುಸ್ತಕದ ಒಂದು ಸಾಲು ಏನು ಮಾಡುತ್ತದೆ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆದ ಒಂದೊಂದು ಸಾಲಿಗೆ ಕೆಲಸ ಕಳೆದುಕೊಂಡವರನ್ನು ಪೀಣ್ಯದಲ್ಲಿ ಕಂಡಿದ್ದೇನೆ. ಸಾಹೇಬ ಎದ್ದು ಹೊರಗೆ ಹೋಗಿ ಜುಮಾನ ಜೇಬಿನ ಮೇಲಿದ್ದ ಬಿಲ್ಲೆ ಬಿಚ್ಚಿಕೊಂಡ. ನಾನು ಏನು ಹೇಳಿದೆ ಅಂತ ಜುಮಾಗೆ ತಿಳಿಯಲಿಲ್ಲ. ನನ್ನ ಕನ್ನಡ ಅವನಿಗೆ ಬರದು, ಅಳಿಯ ಇಂಗ್ಲಿಷಿನಲ್ಲಿ ಹೇಳಿದ್ದು ಹೊರಗಿದ್ದ ಅವನ ಕಿವಿಗೆ ಬಿದ್ದಿರಲಿಲ್ಲ. ನಾವು ಹೊರಡುವಾಗ ಭವ್ಯಾಗೆ ಕೈ ಬೀಸಿದ.

ಮರುದಿನ ಅಳಿಯ ಸುದ್ದಿ ತಂದ. "ಆ ಡ್ರೈವರ್‌ನ ತೆಗೆದುಹಾಕಿದ್ರಂತೆ ಮಾವ. ಒಳ್ಳೇದೇ ಆಯ್ತು ಬಿಡಿ, ನಾಳೆ ಇನ್ಯಾರನ್ನೋ ಸಾಯಿಸ್ತಿದ್ದ."

ನಾನು ಹೂಂ ಅಂದೆ.

ಅದರ ಮರುದಿನ ಬೆಳಿಗ್ಗೆ ವಾಕಿಂಗ್ ಹೋದಾಗ ಪಕ್ಕದ ಬೀದಿಯ ಒಂದು ಗೇಟಿನ ಮೇಲೆ ತಗಡಿನ ಬೋರ್ಡು ಕಂಡಿತು. ನಾಯಿಯ ಚಿತ್ರ, ಕೆಳಗೆ ಎರಡು ಪದ. ಗಾಡಿ ನಂಬರು ಬರೆದು ಬರೆದು ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ ನನಗೆ. ಎರಡನೇ ಪದ — ಕಾಲಿ. ನಾಯಿ ಖಾಲಿ, ಈ ಮನೆಯಲ್ಲಿ ನಾಯಿ ಇಲ್ಲ ಅಂತ ಬರೆದಿದ್ದಾರಲ್ಲ, ಎಂಥ ಜನ ಇವರು ಎಂದು ನಕ್ಕು ಹತ್ತಿರ ಹೋದೆ. ಒಳಗಿನಿಂದ ಕರುವಿನಷ್ಟು ಎತ್ತರದ ನಾಯಿ ಗೇಟಿನ ಮೇಲೆ ಹಾರಿಬಿತ್ತು. ಅಲ್ಲಿನ ಕಾವಲಿನವನು ಓಡಿ ಬಂದು ನನ್ನನ್ನು ಎಳೆದ. ಬೋರ್ಡಿನ ಆ ಪದದ ಮೇಲೆ ಬೆರಳಿಟ್ಟು, ಹಲ್ಲು ಕಿರಿದು, ಗುರ್ರ್ ಎಂದು ತೋರಿಸಿದ. "ಕಾಲಿ! ಕಾಲಿ ಸಾನಾ!"

ಉಗ್ರ. ತುಂಬ ಉಗ್ರ. ಜುಮಾ ನನಗೆ ಹೇಳಿದ್ದು ಅದನ್ನು.

ಊರಿಗೆ ಹೊರಡಲು ಇನ್ನೂ ನಾಲ್ಕು ದಿನವಿತ್ತು. ಆ ಕಾಡಿನ ಗೇಟು ಒಂದು ಗಂಟೆಯ ದಾರಿ. ಅಳಿಯನಿಗೆ ಒಂದು ಮಾತು ಹೇಳಿದ್ದರೆ ಕರೆದುಕೊಂಡು ಹೋಗುತ್ತಿದ್ದ. ನಾಲ್ಕು ದಿನವೂ ನಾನು ವರಾಂಡದಲ್ಲಿ ಕೂತು ಟೀ ಕುಡಿದೆ. ಕಿವಿಯ ತಪ್ಪಿಗೆ ಯಾರೂ ನನ್ನನ್ನು ಬೈಯುವುದಿಲ್ಲ. ಆದರೆ ಆ ನಾಲ್ಕು ದಿನ ಕಿವಿಯ ತಪ್ಪಲ್ಲ.

ಊರಿಗೆ ಬಂದ ಮೇಲೆ ಜುಮಾನ ಆ ಮಾತೇ ಮನೆಯ ತಮಾಷೆಯಾಯಿತು. ಡಬ್ಬಿಯಲ್ಲಿ ಚಕ್ಕುಲಿ ಮುಗಿದರೆ, ಸಿಲಿಂಡರ್ ಮುಗಿದರೆ, ಯಾರಾದರೊಬ್ಬರು "ಕಾಲಿ ಸಣ್ಣ!" ಎಂದು ಕೂಗುವುದು, ಎಲ್ಲರೂ ನಗುವುದು. ನಾನೂ ನಗುತ್ತಿದ್ದೆ. ಎಲ್ಲರಿಗಿಂತ ಜೋರಾಗಿ.

ಶನಿವಾರ ಫೋನಿಟ್ಟ ಮೇಲೆ, ಈಗ ನಮ್ಮ ಜೊತೆಗೇ ಇರುವ ಭವ್ಯಾ ನನ್ನ ಪಕ್ಕ ಬಂದು ಕೂತಳು. ಮುಖದ ತುಂಬ ಬೆಳಕು.

"ತಾತ, ಈ ಕೆಲಸ ನಿನ್ನಿಂದಾನೇ ಗೊತ್ತಾ? ಕೆಟ್ಟ ಗೈಡ್ ಅಂದ್ರೆ ಹೆಂಗಿರ್ತಾರೆ ಅಂತ ಇಂಟರ್ವ್ಯೂನಲ್ಲಿ ಕೇಳಿದ್ರು. ನಾನು ಜುಮಾ ಕತೆ ಹೇಳ್ದೆ. ಖಾಲಿ ಇದೆ ಅಂತ ನಮ್ಮ ತಾತನ್ನೇ ಇಳಿಸಿಬಿಟ್ಟಿದ್ದ, ಚಿಕ್ಕೋಳಿದ್ದಾಗ ಕಣ್ಣಾರೆ ನೋಡಿದ್ದೀನಿ, ನಾನು ಅವನ ಥರ ಆಗಲ್ಲ ಅಂದೆ. ಮೂರು ಜನಾನೂ ತಲೆ ಆಡಿಸಿದ್ರು."

ಅವಳ ತಲೆ ಸವರಿದೆ. ಆಮೇಲೆ ಬೀದಿಗೆ ಇಳಿದು ಎಲ್ಲ ಮನೆಗಳಿಗೂ ಸುದ್ದಿ ಹೇಳಿದೆ. ಸಂತೋಷ ಸುಳ್ಳಲ್ಲ. ಆದರೆ ಮನೆ ಮನೆಗೂ ಹೇಳುತ್ತ ಹೋದಂತೆ ಒಂದು ಲೆಕ್ಕ ಸ್ಪಷ್ಟವಾಯಿತು. ನಾಳೆ ನನ್ನಂಥ ಮುದುಕನೊಬ್ಬ ಅವಳ ಜೀಪಿನಿಂದ ಇಳಿಯಬಹುದು, ಅವಳ ಮೇಲೆ ಒಂದು ಮಾತು ಹೇಳಬಹುದು. ಇಷ್ಟೂ ವರ್ಷ ಜುಮಾನ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಿಕೊಂಡರೋ.

ಸಂಜೆ ಎಲ್ಲರೂ ಸೇರಿದೆವು. ಗೀತಾ, ಮಂಜುನಾಥ ಮಾಕಳಿಯಿಂದ ಬಂದರು. ಲಕ್ಷ್ಮಮ್ಮ ನಾಟಿ ಕೋಳಿ ಸಾರು, ಮುದ್ದೆ ಮಾಡಿದ್ದಳು. ನಡುಮನೆಯಲ್ಲಿ ಸುತ್ತ ಕೂತು ಉಣ್ಣುತ್ತಿದ್ದೆವು. ಅಳಿಯ ಪಾತ್ರೆಗೆ ಸೌಟು ಹಾಕಿ ಕೆರೆದ.

"ಏನತ್ತೆ, ತುಂಡೆಲ್ಲ ಮುಗೀತಾ?"

"ಕಾಲಿ ಸಣ್ಣ!" ಎಂದು ಗೀತಾ, ಭವ್ಯಾ ಒಟ್ಟಿಗೆ ಕೂಗಿದರು. ನಗು.

ನಾನು ನಗಲಿಲ್ಲ. ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಯಲ್ಲಿಟ್ಟು ಹೇಳಿದೆ. ಆ ಮಾತಿನ ಅರ್ಥ ಖಾಲಿ ಅಲ್ಲ, ಉಗ್ರ ಅಂತ. ಅವನು ನನ್ನನ್ನು ಎಚ್ಚರಿಸಿದ್ದ. ಇಳಿ ಅಂದಿರಲಿಲ್ಲ. ನಾನೇ ಇಳಿದೆ, ಯಾಕೆ ಇಳಿದೆ ಅಂತಲೂ ಹೇಳಿದೆ. ಉಚ್ಚೆಗೆ. ಹನ್ನೆರಡು ವರ್ಷ ಬಾಯಲ್ಲಿ ಹಿಡಿದುಕೊಂಡಿದ್ದ ಮಾತು ಅದು, ಹೇಳಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ಮಂಜುನಾಥ ತಟ್ಟೆ ನೋಡುತ್ತ ಕೂತ. "ನಾನೇ ಅಲ್ವಾ ಮಾವ ಅದನ್ನ ಇಂಗ್ಲಿಷಲ್ಲಿ ಹೇಳಿದ್ದು," ಎಂದ, ಸಣ್ಣಗೆ.

ಭವ್ಯಾ ಕೇಳಿದ್ದು ಒಂದೇ. "ನಿಂಗೆ ಯಾವಾಗ ಗೊತ್ತಾಯ್ತು ತಾತ?"

"ಅಲ್ಲೇ ಗೊತ್ತಾಯ್ತು ಕಣವ್ವ. ಇನ್ನೂ ನಾಲ್ಕು ದಿನ ಇತ್ತು."

ಅವಳು ನನ್ನ ಮುಖ ನೋಡಲಿಲ್ಲ. "ಸೋಮವಾರ ಅವ್ರಿಗೆ ಹೇಳ್ಬೇಕು," ಅಂದಳು. "ಇಂಟರ್ವ್ಯೂ ಮಾಡ್ದೋರಿಗೆ. ಕೆಲಸ ಇರುತ್ತೋ ಹೋಗುತ್ತೋ. ಜುಮಾ ಇದ್ದ ಆ ಕಾಡಿನವರಿಗೂ ಬರೀಬೇಕು. ನೀನು ಹೇಳು, ನಾನು ಬರೀತೀನಿ. ಸಹಿ ನೀನೇ ಹಾಕ್ಬೇಕು."

"ಹಾಕ್ತೀನಿ," ಅಂದೆ.

"ಏನ್ ಅಂಗೇ ಕುಂತ್ರಿ ಎಲ್ರೂ," ಎಂದಳು ಲಕ್ಷ್ಮಮ್ಮ. "ಮುದ್ದೆ ಆರೋಯ್ತದೆ." ಯಾರೂ ತಟ್ಟೆ ಬಿಟ್ಟು ಏಳಲಿಲ್ಲ. ನಾನು ಇಟ್ಟ ತುತ್ತನ್ನು ಮತ್ತೆ ಎತ್ತಿಕೊಂಡೆ. ಐದೂ ಜನ ತಲೆ ತಗ್ಗಿಸಿ ಉಂಡೆವು.

ಕೊನೆಗೆ ಭವ್ಯಾ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಒಳಗೆ ನೋಡಿದಳು. ಏನೂ ಉಳಿದಿರಲಿಲ್ಲ.

"ಸಾರು ಮುಗೀತು ಅಜ್ಜಿ," ಎಂದಳು.